ದೊಡ್ಡ ಸ್ವಾಮಿಗಳು: ಅಬ್ಬೆ ದುಬುವಾ ಅವರ ಬಾಳು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಕಪಿಲಾ ನದಿ ಅಡ್ಡ ಬರುತ್ತದೆ. ಹದಿನೆಂಟನೇ ಶತಮಾನದ ಹಳೇ ಕಲ್ಲು ಸೇತುವೆ ಇಂದಿಗೂ ಅಲ್ಲಿ ಕಾಣುತ್ತದೆ. ಅದರಾಚೆ ನಂಜನಗೂಡು. ಅದೇ ಕಪಿಲೆ ಮುಂದಕ್ಕೆ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಎರಡು ನದಿಗಳ ಈ ಸೀಮೆಯಲ್ಲಿ ಭತ್ತ, ಕಬ್ಬು, ಬಾಳೆ ಎಲ್ಲವೂ ಬೆಳೆಯುತ್ತವೆ. ನಂಜನಗೂಡಿನ ರಸಬಾಳೆಯ ಹೆಸರು ಕೇಳದವರಿಲ್ಲ.

ನಂಜನಗೂಡಿಗೆ ಜನ ಹೆಚ್ಚಾಗಿ ಬರುವುದು ಕಾಯಿಲೆ ವಾಸಿಯಾಗಲಿ ಅಂತ ಹರಕೆ ಹೊತ್ತು. ಟಿಪ್ಪು ಸುಲ್ತಾನರ ಪಟ್ಟದ ಆನೆಗೆ ಕಣ್ಣು ಕಾಣದೆ ಹೋದಾಗ ಇಲ್ಲಿ ಪೂಜೆ ಮಾಡಿಸಿ ವಾಸಿಯಾಯಿತೆಂದೂ, ಆಮೇಲೆ ಸುಲ್ತಾನರು ಇಲ್ಲಿನ ದೇವರನ್ನು ಹಕೀಂ ನಂಜುಂಡ ಅಂತ ಕರೆದು ಹಸಿರು ಲಿಂಗ ಒಪ್ಪಿಸಿದರೆಂದೂ ಪ್ರತೀತಿ ಇದೆ. ಯಾವ ಧರ್ಮದವರೇ ಆಗಲಿ, ಮನೆಯಲ್ಲಿ ಮಗು ಜ್ವರದಿಂದ ನರಳುವಾಗ ಮನುಷ್ಯ ಕೇಳುವ ಪ್ರಶ್ನೆ ಒಂದೇ. ಈ ಜೀವ ಯಾರ ಕೈಲಿದೆ? ನಮ್ಮನ್ನು ಉಂಟುಮಾಡಿದಾತ ನಮ್ಮನ್ನು ನೋಡಿಕೊಳ್ಳುತ್ತಾನೋ ಇಲ್ಲವೋ?

ಇನ್ನೂರು ವರ್ಷಗಳ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಒಬ್ಬ ಕ್ರೈಸ್ತ ಗುರುಗಳು ಈ ಪ್ರಶ್ನೆಯನ್ನು ಎದುರಿಟ್ಟುಕೊಂಡೇ ಬಾಳಿದರು. ಅವರ ಹೆಸರು ಜ್ಯಾನ್ ಆಂತ್ವಾನ್ ದುಬುವಾ. ಪುಸ್ತಕಗಳಲ್ಲಿ ಅಬ್ಬೆ ದುಬುವಾ ಅಂತ ಪ್ರಸಿದ್ಧರು. ಅಬ್ಬೆ ಅಂದರೆ ಕನ್ನಡದಲ್ಲಿ ತಾಯಿ. ಫ್ರೆಂಚ್ ಭಾಷೆಯಲ್ಲಿ ಅದು ಗುರುಗಳನ್ನು ಗೌರವದಿಂದ ಕರೆಯುವ ಮಾತು. ಹಳ್ಳಿ ಜನ ಮಾತ್ರ ಈ ಎರಡನ್ನೂ ಬಿಟ್ಟು ಅವರನ್ನು ದೊಡ್ಡ ಸ್ವಾಮಿಗಳು ಅಂತಲೇ ಕರೆದರು. ಈ ಬೆಟ್ಟ ಹತ್ತಿ ಬಂದ ಭಕ್ತಾದಿಗಳು ಸ್ವಲ್ಪ ಕೂತು, ಉಸಿರು ಬಿಟ್ಟುಕೊಂಡು ಅವರ ಕಥೆಯನ್ನು ಓದಬೇಕು.

ಹುಟ್ಟು ಮತ್ತು ಕರೆ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಆರ್ದೆಶ್ ಎಂಬ ಗುಡ್ಡಗಾಡು ಸೀಮೆ ಇದೆ. ಅಲ್ಲಿನ ಸೇಂಟ್ ರೆಮೆಜ್ ಎಂಬ ಊರು ಇವರದು. 1766ರ ಜನವರಿಯಲ್ಲಿ ಇವರಿಗೆ ಜ್ಞಾನಸ್ನಾನವಾಯಿತು. ಬೆಳೆದು ಗುರುಮಠ ಸೇರಿ 1792ರಲ್ಲಿ ಯಾಜಕದೀಕ್ಷೆ ಪಡೆದರು.

ಅದು ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲ. ಸರ್ಕಾರ ಹೇಳಿದ ಪ್ರಮಾಣ ಮಾಡದ ಗುರುಗಳಿಗೆ ಉಳಿಗಾಲ ಇರಲಿಲ್ಲ. ದುಬುವಾ ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಘದ ಗುರುಗಳಾಗಿ ದೀಕ್ಷೆಯಾದ ವರ್ಷವೇ ಭಾರತಕ್ಕೆ ಹಡಗು ಹತ್ತಿದರು. ಅವರು ಹೊರಟ ಕೆಲವೇ ತಿಂಗಳಿಗೆ, ಆ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಸೆರೆಮನೆಗಳಿಗೆ ಗುಂಪು ನುಗ್ಗಿ ಇನ್ನೂರರಷ್ಟು ಗುರುಗಳನ್ನು ಕೊಂದುಹಾಕಿತು. ಮೂರು ತಿಂಗಳು ತಡ ಮಾಡಿದ್ದರೆ ಈ ಯುವ ಗುರುಗಳ ಗತಿ ಏನಾಗುತ್ತಿತ್ತೋ ಯಾರು ಬಲ್ಲರು! ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡೆವು ಅಂತ ಮನುಷ್ಯರು ಅಂದುಕೊಳ್ಳುತ್ತಾರೆ. ಕೈಹಿಡಿದು ನಡೆಸಿದವರು ಬೇರೆ ಇದ್ದರು ಅಂತ ಗೊತ್ತಾಗುವುದು ತಿರುಗಿ ನೋಡಿದಾಗಲೇ.

ಅವರು ಬಂದು ಇಳಿದದ್ದು ಪಾಂಡಿಚೇರಿ ಧರ್ಮಪ್ರಾಂತಕ್ಕೆ. ಮೊದಲ ಕೆಲವು ವರ್ಷ ದಕ್ಷಿಣದ ಹಳ್ಳಿಗಳಲ್ಲಿ ಕೆಲಸ ಮಾಡಿ ಇಲ್ಲಿನ ಭಾಷೆ, ನಡೆನುಡಿ ಕಲಿತರು.

ಆಗಿನ ಕ್ರೈಸ್ತರ ಪಾಡು

ಮೈಸೂರು ಸೀಮೆಗೆ ಕ್ರಿಸ್ತರ ಶುಭಸಂದೇಶ ಬಂದದ್ದು ದುಬುವಾ ಅವರಿಂದಲ್ಲ. ಅವರಿಗಿಂತ ನೂರೈವತ್ತು ವರ್ಷ ಮುಂಚೆಯೇ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಸ್ಥಾಪಿಸಿದ್ದರು. ಯೇಸುಸಭೆಯ ಗುರುಗಳು ಕನ್ನಡ ಕಲಿತು, ಕನ್ನಡದಲ್ಲೇ ಬರೆದು, ಸನ್ಯಾಸಿಗಳಂತೆ ಬದುಕಿ ಹಳ್ಳಿ ಹಳ್ಳಿಗಳಲ್ಲಿ ಸಣ್ಣ ಸಣ್ಣ ಕ್ರೈಸ್ತ ಸಮುದಾಯಗಳನ್ನು ಬೆಳೆಸಿದರು.

ಆದರೆ 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಹೊಸ ಗುರುಗಳು ಬರುವುದು ನಿಂತುಹೋಯಿತು. ಕೆಲವು ಕಡೆ ವರ್ಷಗಟ್ಟಲೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಸತ್ತವರನ್ನು ಮಣ್ಣು ಮಾಡಲೂ ಗುರುಗಳಿಲ್ಲ. ಅದರ ಮೇಲೆ ಹೈದರಾಲಿ, ಟಿಪ್ಪು ಮತ್ತು ಇಂಗ್ಲಿಷರ ನಡುವಿನ ಯುದ್ಧಗಳು. 1784ರಲ್ಲಿ ಟಿಪ್ಪು ಸುಲ್ತಾನರು, ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಕಾರಣಕ್ಕೆ, ಸಾವಿರಾರು ಜನರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ದಾರಿಯಲ್ಲಿ ಸತ್ತವರು ಎಷ್ಟೋ, ಸೆರೆಯಲ್ಲಿ ಮತಾಂತರವಾದವರು ಎಷ್ಟೋ. ಅದೇ ಸುಲ್ತಾನರು ನಂಜನಗೂಡಿಗೂ ಶೃಂಗೇರಿಗೂ ಕಾಣಿಕೆ ಕಳಿಸಿದವರು ಅನ್ನುವುದೂ ನಿಜ. ಇತಿಹಾಸದಲ್ಲಿ ಎಲ್ಲವೂ ಒಂದೇ ಬಣ್ಣದಲ್ಲಿ ಇರುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಟಿಪ್ಪು ಯುದ್ಧದಲ್ಲಿ ಮಡಿದರು. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನೋಡಿಕೊಂಡರು. ಸೆರೆಯಲ್ಲಿದ್ದ ಕ್ರೈಸ್ತರು ಹೊರಗೆ ಬಂದರು. ಹದಿನೈದು ವರ್ಷ ದೇವಾಲಯವನ್ನೇ ಕಾಣದ ಜನ ಅವರು. ಮಕ್ಕಳಿಗೆ ಜಪ ಗೊತ್ತಿಲ್ಲ. ದೊಡ್ಡವರಿಗೆ ಮನಸ್ಸಿನಲ್ಲಿ ಭಯ ಮತ್ತು ನಾಚಿಕೆ. ನಮ್ಮನ್ನು ದೇವರು ಕೈಬಿಟ್ಟರೋ, ನಾವೇ ದೇವರನ್ನು ಕೈಬಿಟ್ಟೆವೋ ಅಂತ ತಿಳಿಯದ ಸ್ಥಿತಿ.

ಇಂಥ ಜನರ ನಡುವೆ ಬಂದು ನಿಂತವರು ಅಬ್ಬೆ ದುಬುವಾ. ಆಗ ಅವರಿಗೆ ಮೂವತ್ತಮೂರು, ಮೂವತ್ತನಾಲ್ಕು ವಯಸ್ಸು. ಶ್ರೀರಂಗಪಟ್ಟಣದ ಸೇನಾಧಿಕಾರಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಶಿಫಾರಸಿನ ಮೇಲೆ ಅವರನ್ನು ಕರೆಸಿಕೊಂಡರು ಅಂತ ಹೇಳಲಾಗುತ್ತದೆ. ಚದುರಿದವರನ್ನು ಅವರು ಹುಡುಕಿದರು. ಮರಳಿ ಬಂದವರನ್ನು ಧರ್ಮಸಭೆಗೆ ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಹಳೇ ದೇವಾಲಯವನ್ನು ಇಂದಿಗೂ ಜನ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಹತ್ತಿರದ ಪಾಲಹಳ್ಳಿಯಲ್ಲೂ ಅವರ ನೆನಪು ಬಹಳ ಕಾಲ ಉಳಿದಿತ್ತು.

ರುಮಾಲಿನ ಗುರುಗಳು

ದುಬುವಾ ಅವರು ಇಲ್ಲಿಗೆ ಬಂದು ದೊರೆಯಂತೆ ಬದುಕಲಿಲ್ಲ. ಇಲ್ಲಿನವರ ಹಾಗೆ ಉದ್ದನೆಯ ಬಿಳೀ ಅಂಗಿ ತೊಟ್ಟರು, ತಲೆಗೆ ರುಮಾಲು ಸುತ್ತಿದರು. ಇಲ್ಲಿನ ಜನ ಉಣ್ಣುವುದನ್ನೇ ಉಂಡರು, ಜನರಿಗೆ ಅಸಹ್ಯವೆನಿಸುವ ಆಹಾರವನ್ನು ಬಿಟ್ಟರು. ಯೂರೋಪಿನವರ ಜೊತೆ ಒಡನಾಟವನ್ನೂ ಕಡಿಮೆ ಮಾಡಿಕೊಂಡರು. ಥಾಮಸ್ ಹಿಕಿ ಎಂಬ ಚಿತ್ರಕಾರರು ಬರೆದ ಅವರ ಚಿತ್ರದಲ್ಲಿ ಕಾಣುವುದು ಈ ದೇಶದ ಉಡುಪಿನ ಒಬ್ಬ ಸ್ವಾಮಿಗಳೇ ಹೊರತು ಫ್ರಾನ್ಸಿನ ಪಾದ್ರಿ ಅಲ್ಲ.

ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಹೋಗಬೇಕಾಗಿದ್ದ ಕಾಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲೇ ಗತಿ. ಒಬ್ಬರೇ ಗುರುಗಳು, ದೊಡ್ಡ ಸೀಮೆ, ಅಲ್ಲೊಂದು ಇಲ್ಲೊಂದು ಕ್ರೈಸ್ತ ಮನೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಮೈಸೂರು ಸೀಮೆಯಲ್ಲಿ ಕಳೆದರು. ದೊಡ್ಡ ಸ್ವಾಮಿಗಳು ಅಂತ ಜನ ಕೊಟ್ಟ ಹೆಸರು ಸುಮ್ಮನೆ ಬಂದದ್ದಲ್ಲ.

ಸಿಡುಬಿನ ಮುಂದೆ

ಈಗಿನ ಮಕ್ಕಳಿಗೆ ಸಿಡುಬು ಅಂದರೆ ಗೊತ್ತಿಲ್ಲ. ಅಜ್ಜ ಅಜ್ಜಿಯರಿಗೆ ಕೇಳಿದರೆ ಹೇಳುತ್ತಾರೆ. ಮೈತುಂಬ ಗುಳ್ಳೆ ಏಳುತ್ತಿತ್ತು, ಬದುಕಿದವರಿಗೆ ಮುಖದಲ್ಲಿ ಕಲೆ ಉಳಿಯುತ್ತಿತ್ತು, ಎಷ್ಟೋ ಜನರಿಗೆ ಕಣ್ಣೇ ಹೋಗುತ್ತಿತ್ತು. ರೋಗ ತಗುಲಿದ ಹತ್ತು ಜನರಲ್ಲಿ ಇಬ್ಬರು ಮೂವರು ಸಾಯುತ್ತಿದ್ದರು. ಹಳ್ಳಿಯಲ್ಲಿ ಅದಕ್ಕೆ ರೋಗ ಅಂತಲೂ ಅನ್ನುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಮಾಡಿ ಕಾಯುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಮಾಡಲು ಅವರ ಕೈಲಿ ಏನೂ ಇರಲಿಲ್ಲ.

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ದಾರಿ ಕಂಡರು. ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಹಸುವಿನ ಕೆಚ್ಚಲಿನ ಸಣ್ಣ ಸಿಡುಬು ತಗುಲಿದರೆ ಆಮೇಲೆ ದೊಡ್ಡ ಸಿಡುಬು ಬರುವುದಿಲ್ಲ. ಆ ಗುಳ್ಳೆಯ ರಸವನ್ನು ಬೇರೆಯವರ ತೋಳಿಗೆ ಗೀರಿ ಹಾಕಿದರೆ ಅವರಿಗೂ ಕಾವಲು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಭಾರತದ ಮೊದಲ ದಾಕು ಹಾಕಿದರು. ಅಲ್ಲಿಂದ ಅದು ತೋಳಿನಿಂದ ತೋಳಿಗೆ ದಾಟುತ್ತಾ ದಕ್ಷಿಣಕ್ಕೆ ಬಂತು.

ತೋಳಿನಿಂದ ತೋಳಿಗೆ ಅನ್ನುವುದು ಬರೀ ಮಾತಲ್ಲ. ಆಗ ಔಷಧಿಯನ್ನು ಸೀಸೆಯಲ್ಲಿ ಇಟ್ಟು ಕಾಪಾಡಲು ಐಸು ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ. ಒಬ್ಬರಿಗೆ ದಾಕು ಹಾಕಿದರೆ ಸುಮಾರು ಎಂಟನೇ ದಿನ ಗುಳ್ಳೆಯಲ್ಲಿ ರಸ ತುಂಬುತ್ತದೆ. ಆ ರಸವನ್ನು ತೆಗೆದು ಆಗಲೇ ಇನ್ನೊಬ್ಬರಿಗೆ ಹಾಕಬೇಕು. ಸರಪಳಿ ಒಂದು ಕಡೆ ತುಂಡಾದರೆ ಎಲ್ಲವೂ ಮುಗಿಯಿತು. ಒಂದು ಜಾತಿಯ ಮಗುವಿನ ತೋಳಿನ ರಸವನ್ನು ಇನ್ನೊಂದು ಜಾತಿಯವರ ತೋಳಿಗೆ ಹಾಕಿಸಿಕೊಳ್ಳಲು ಆ ಕಾಲದಲ್ಲಿ ಯಾರು ಒಪ್ಪುತ್ತಾರೆ? ಅಮ್ಮನ ಕೋಪಕ್ಕೆ ಗುರಿಯಾದರೆ ಏನು ಗತಿ ಅಂತ ಭಯ ಬೇರೆ.

ದುಬುವಾ ಅವರು ಈ ಕೆಲಸವನ್ನು ಮೈಮೇಲೆ ಹಾಕಿಕೊಂಡರು. ಜನ ಅವರನ್ನು ನಂಬಿದ್ದರು. ಭಾಷೆ ಬಲ್ಲವರು, ತಮ್ಮ ಹಾಗೆ ಉಟ್ಟು ಉಣ್ಣುವವರು, ಹಣ ಕೇಳದವರು. 1803, 1804ರ ಸುಮಾರಿಗೆ 25,000ಕ್ಕೂ ಹೆಚ್ಚು ಜನರಿಗೆ ಅವರ ಮೂಲಕ ದಾಕು ಹಾಕಿಸಲಾಯಿತು ಅಂತ ದಾಖಲೆ ಇದೆ. ಆ ಕಾಲಕ್ಕೆ ಅದು ಚಿಕ್ಕ ಸಂಖ್ಯೆಯಲ್ಲ. ದಾಕು ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಅನ್ನುವುದನ್ನೂ ಭಕ್ತರು ಗಮನಿಸಬೇಕು. ಮೈಸೂರು ಅರಮನೆಯೂ ಈ ಕೆಲಸಕ್ಕೆ ಬೆಂಬಲವಾಗಿತ್ತು. ಮುಮ್ಮಡಿಯವರ ಎಳೆಯ ರಾಣಿ ದೇವಾಜಮ್ಮಣ್ಣಿಯವರೇ ದಾಕು ಹಾಕಿಸಿಕೊಂಡು ಪ್ರಜೆಗಳಿಗೆ ಧೈರ್ಯ ಕೊಟ್ಟರು. 1805ರ ಸುಮಾರಿಗೆ ಬರೆದ ಮೂವರು ಅರಮನೆ ಹೆಂಗಸರ ಒಂದು ಚಿತ್ರ ಇದನ್ನು ಸಾರಲೆಂದೇ ಬರೆದದ್ದು ಅಂತ ಈಚಿನ ಇತಿಹಾಸಕಾರರು ಹೇಳುತ್ತಾರೆ. ಆ ಚಿತ್ರವನ್ನು ಬರೆದವರೂ ಥಾಮಸ್ ಹಿಕಿಯವರೇ.

ಇಲ್ಲಿ ನಂಬಿಕೆಯ ಒಂದು ದೊಡ್ಡ ಪ್ರಶ್ನೆ ಇದೆ. ಎಲ್ಲವೂ ದೈವಚಿತ್ತ ಅಂದ ಮೇಲೆ ರೋಗವನ್ನು ತಡೆಯುವುದು ದೇವರ ವಿರುದ್ಧ ಹೋದ ಹಾಗಲ್ಲವೇ? ಹೀಗೆ ಕೇಳಿದವರು ನಮ್ಮ ಹಳ್ಳಿಯವರು ಮಾತ್ರ ಅಲ್ಲ. ಸಿಡುಬು ತಡೆಯಲು ಮೈಗೆ ರಸ ಹಾಕಿಸುವುದು ದೈವಸಂಕಲ್ಪಕ್ಕೆ ಅಡ್ಡ ಬಂದ ಹಾಗೆ ಅಂತ 1722ರಲ್ಲೇ ಲಂಡನ್ನಿನ ಒಂದು ದೇವಾಲಯದಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಬೋಧಕರು ಪ್ರಸಂಗ ಮಾಡಿದ್ದರು. ಓದಿದವರೂ ಹಾಗೆ ನಂಬಿದ್ದರು.

ದುಬುವಾ ಅವರ ಕೆಲಸ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತು. ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯ ಓದಿದವರಿಗೆ ಗೊತ್ತಿದೆ. ಲೋಕದಲ್ಲಿ ಇರುವುದೆಲ್ಲ ಕ್ರಿಸ್ತರ ಮೂಲಕವೇ ಉಂಟಾಯಿತು. ಹಸುವನ್ನು ಉಂಟುಮಾಡಿದವರೂ ಅವರೇ, ಮನುಷ್ಯನ ಮೈಯನ್ನೂ ಬುದ್ಧಿಯನ್ನೂ ಕೊಟ್ಟವರೂ ಅವರೇ. ಹಸುವಿನ ಕೆಚ್ಚಲಲ್ಲಿ ಮಗುವಿನ ಪ್ರಾಣ ಉಳಿಸುವ ಮದ್ದನ್ನು ಇಟ್ಟವರು ಬೇರೆ ಯಾರು? ಅದನ್ನು ಹುಡುಕಿ ತೆಗೆದು ಹಂಚುವುದು ದೇವರ ವಿರುದ್ಧ ಹೋಗುವುದಲ್ಲ, ದೇವರು ಕೊಟ್ಟದ್ದನ್ನು ಕೈನೀಡಿ ತೆಗೆದುಕೊಳ್ಳುವುದು. ದೇವರ ಪರಿಪಾಲನೆಯಲ್ಲಿ ಭರವಸೆ ಇಡುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ರೈತ ಮಳೆ ಕೊಡು ಅಂತ ಬೇಡುತ್ತಾನೆ, ಬೇಡಿ ಮನೆಯಲ್ಲಿ ಮಲಗುವುದಿಲ್ಲ. ನೇಗಿಲು ಹೂಡುತ್ತಾನೆ.

ನೆಲ, ನೇಗಿಲು, ಅನ್ನ

ಯುದ್ಧಗಳಿಂದ ಹಾಳಾದ ಆ ಸೀಮೆಯಲ್ಲಿ ಕ್ರೈಸ್ತರಿಗೆ ಜಪ ಕಲಿಸಿದರೆ ಸಾಲದು, ಅನ್ನಕ್ಕೂ ದಾರಿಯಾಗಬೇಕು ಅಂತ ದೊಡ್ಡ ಸ್ವಾಮಿಗಳು ಕಂಡುಕೊಂಡರು. ನೆಲೆ ಇಲ್ಲದ ಕುಟುಂಬಗಳನ್ನು ಒಂದು ಕಡೆ ನಿಲ್ಲಿಸಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಹತ್ತಿರ ಅವರು ಹೀಗೆ ಕಟ್ಟಿದ ನೆಲೆಯ ಸುದ್ದಿ ಪುಸ್ತಕಗಳಲ್ಲಿದೆ. ನೆಲ ಉಳುವವನಿಗೆ ಸೃಷ್ಟಿಕರ್ತರ ಪಾಠ ಬೇರೆ ಹೇಳಿಕೊಡಬೇಕಾಗಿಲ್ಲ. ಬಿತ್ತುವುದು ಅವನ ಕೆಲಸ. ಮೊಳಕೆ ಬರಿಸುವುದು ಅವನ ಕೈಲಿಲ್ಲ. ತಿ. ನರಸೀಪುರದ ಗದ್ದೆ ಬಯಲಲ್ಲಿ ನಾಟಿ ಹಾಕುವ ತಾಯಂದಿರಿಗೆ, ನಂಜನಗೂಡಿನ ಬಾಳೆತೋಟದವರಿಗೆ ಇದು ಚೆನ್ನಾಗಿ ಗೊತ್ತು.

ಬರೆದ ಪುಸ್ತಕ ಮತ್ತು ಅದರ ಕೊರತೆ

ಲೋಕದಲ್ಲಿ ದುಬುವಾ ಅವರ ಹೆಸರು ಉಳಿದಿರುವುದು ದಾಕಿನಿಂದಲ್ಲ, ಒಂದು ಪುಸ್ತಕದಿಂದ. ಹಿಂದೂ ಜನರ ನಡೆನುಡಿ, ಆಚಾರ, ಪದ್ಧತಿಗಳ ಬಗ್ಗೆ ಅವರು ಫ್ರೆಂಚಿನಲ್ಲಿ ದೊಡ್ಡ ಹಸ್ತಪ್ರತಿ ಸಿದ್ಧಮಾಡಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಮದರಾಸಿಗೆ ಕಳಿಸಿದರು. ಗವರ್ನರ್ ಬೆಂಟಿಂಕ್ ಅವರ ಕಾಲದಲ್ಲಿ ಸರ್ಕಾರ ಅದನ್ನು 2,000 ವರಹ ಕೊಟ್ಟು ಕೊಂಡಿತು. ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ತಿದ್ದಿ ಬೆಳೆಸಿದ ಪ್ರತಿಯ ಇಂಗ್ಲಿಷ್ ರೂಪ 1897ರಲ್ಲಿ ಮ್ಯಾಕ್ಸ್ ಮುಲ್ಲರ್ ಅವರ ಮುನ್ನುಡಿಯೊಂದಿಗೆ ಬಂತು. ಇಂದಿಗೂ ವಿದ್ವಾಂಸರು ಅದನ್ನು ಓದುತ್ತಾರೆ.

ಪುಣ್ಯಾತ್ಮರ ಕಥೆ ಹೇಳುವಾಗ ಒಳ್ಳೆಯದನ್ನಷ್ಟೇ ಹೇಳಿ ಮುಗಿಸಿದರೆ ಸತ್ಯಕ್ಕೆ ಅಪಚಾರ. ಆ ಪುಸ್ತಕದ ದೊಡ್ಡ ಭಾಗ ಅವರಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿದ್ದ ಯೇಸುಸಭೆಯ ಗುರು ಕೊರ್ದೂ ಅವರ ಬರವಣಿಗೆಯ ಆಧಾರದ್ದು ಅಂತ ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಆ ಋಣವನ್ನು ದುಬುವಾ ಹೇಳಿಕೊಳ್ಳಲಿಲ್ಲ. ಇನ್ನೊಂದು ಕೊರತೆ, ಹಿಂದೂಗಳ ಹಬ್ಬ ಜಾತ್ರೆಗಳ ಬಗ್ಗೆ ಅವರು ಬರೆದ ಮಾತು ಬಹಳ ಕಡೆ ಕಠಿಣ. ತಿ. ನರಸೀಪುರ ತಾಲ್ಲೂಕಿನ ಮೂಗೂರಿನ ಅಮ್ಮನವರ ಜಾತ್ರೆಯನ್ನೂ ಅವರು ಬಿಟ್ಟಿಲ್ಲ. ಈಗ ಓದಿದರೆ ನೆರೆಹೊರೆಯವರ ಮನಸ್ಸು ನೋಯುವಂಥ ಮಾತುಗಳು ಅವು. ಜನರ ಜೊತೆ ಅಷ್ಟು ಹತ್ತಿರ ಬದುಕಿದವರು ಜನರ ಭಕ್ತಿಯನ್ನು ಪೂರ್ತಿ ಅರ್ಥ ಮಾಡಿಕೊಳ್ಳಲಿಲ್ಲ ಅನ್ನಿಸುತ್ತದೆ. ದೇವರು ತಮ್ಮ ಕೆಲಸಕ್ಕೆ ಕೊರತೆ ಇಲ್ಲದವರನ್ನೇ ಆರಿಸುತ್ತಾರೆ ಅಂತಿದ್ದರೆ ಯಾರೂ ಸಿಕ್ಕುತ್ತಿರಲಿಲ್ಲ.

ಕನ್ನಡಿಗರು ನೆನೆಯಬೇಕಾದ ಇನ್ನೊಂದು ಕೆಲಸವೂ ಇದೆ. ಪಂಚತಂತ್ರದ ಕಥೆಗಳನ್ನು ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಇಟ್ಟುಕೊಂಡು ಅವರು ಫ್ರೆಂಚಿಗೆ ತಂದರು. 1826ರಲ್ಲಿ ಅದು ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.

ಸೋಲಿನ ಲೆಕ್ಕ

ದೊಡ್ಡ ಸ್ವಾಮಿಗಳ ಬಾಳಿನ ಅತಿ ಕಷ್ಟದ ಭಾಗ ಹೊರಗಿನ ಕಷ್ಟ ಅಲ್ಲ, ಒಳಗಿನದು. ಇಪ್ಪತ್ತೈದು ವರ್ಷ ದುಡಿದ ಮೇಲೆ ಅವರು ಕೂತು ಲೆಕ್ಕ ಹಾಕಿದರು. ತಾವು ಹೊಸದಾಗಿ ಕ್ರಿಸ್ತರ ಬಳಿಗೆ ತಂದವರು ಇನ್ನೂರರಿಂದ ಮುನ್ನೂರು ಜನ ಅಷ್ಟೇ. ಅವರಲ್ಲೂ ಮೂರರಲ್ಲಿ ಎರಡು ಪಾಲು ಊರಾಚೆ ಇಟ್ಟ ಬಡವರು, ಭಿಕ್ಷೆ ಬೇಡುವವರು. ಉಳಿದವರಲ್ಲೂ ಎಷ್ಟೋ ಜನ ಲೌಕಿಕ ಕಾರಣಕ್ಕೆ ಬಂದವರೆಂದು ಅವರಿಗೆ ಅನ್ನಿಸಿತು. ಹಿಂದೂ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಕಾಲ ಮುಗಿದುಹೋಯಿತು ಅನ್ನುವ ಮಟ್ಟಿಗೆ ಅವರು ನಿರಾಶರಾದರು. ಆ ನಿರಾಶೆಯನ್ನು ಮುಚ್ಚಿಡದೆ ಪತ್ರಗಳಲ್ಲಿ ಬರೆದರು. 1823ರಲ್ಲಿ ಅವು ಲಂಡನ್ನಿನಲ್ಲಿ ಪ್ರಕಟವಾದಾಗ ದೊಡ್ಡ ಗದ್ದಲವೇ ಆಯಿತು. ಪಾದ್ರಿಗಳು ಅವರ ಮೇಲೆ ಪುಸ್ತಕ ಬರೆದು ವಾದಿಸಿದರು.

ಹೊಗಳಿಕೆಯ ವರದಿ ಬರೆದು ಊರಿಗೆ ಕಳಿಸುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆದರೆ ಇಲ್ಲಿ ಭಕ್ತರು ನೋಡಬೇಕಾದದ್ದು ಬೇರೆ ಒಂದು ಇದೆ. ಅಂಥ ಪತ್ರಗಳನ್ನು 1815ರ ಹೊತ್ತಿಗೇ ಬರೆಯತೊಡಗಿದ ಅವರು ಮೂಟೆ ಕಟ್ಟಿಕೊಂಡು ಅಂದೇ ಹೊರಟುಹೋಗಲಿಲ್ಲ. ಫಲ ಕಾಣುವುದಿಲ್ಲ ಅಂತ ಬರೆದ ಮೇಲೂ ಏಳು ವರ್ಷಕ್ಕೂ ಹೆಚ್ಚು ಕಾಲ ಇದೇ ಜನರ ನಡುವೆ ಇದ್ದರು. ಮಕ್ಕಳಿಗೆ ಜ್ಞಾನಸ್ನಾನ, ಕಾಯಿಲೆಯವರಿಗೆ ಎಣ್ಣೆ, ಸತ್ತವರಿಗೆ ಮಣ್ಣು, ಇದ್ದವರಿಗೆ ಬಲಿಪೂಜೆ. ಫಲ ಕಂಡಾಗ ಕೆಲಸ ಮಾಡುವುದು ಎಲ್ಲರಿಗೂ ಬರುತ್ತದೆ. ಫಲ ಕಾಣದಿದ್ದರೂ ಕೆಲಸ ಬಿಡದೆ ನಿಲ್ಲುವುದೇ ಭರವಸೆ. ಅವರ ಮಾತು ಸೋತಿತ್ತು, ಅವರ ಕೈ ಸೋಲಲಿಲ್ಲ.

ಅವರು ಸೋಲು ಅಂತ ಬರೆದುಕೊಂಡ ಆ ಲೆಕ್ಕವನ್ನೂ ಇನ್ನೊಮ್ಮೆ ಓದಬೇಕು. ಊರಾಚೆ ಇಟ್ಟ ಬಡವರು, ಭಿಕ್ಷುಕರು. ಕ್ರಿಸ್ತರು ಗಲಿಲೇಯದಲ್ಲಿ ಕರೆದದ್ದೂ ಅಂಥವರನ್ನೇ ಅಲ್ಲವೇ?

ಮರಳಿ ಊರಿಗೆ

1823ರಲ್ಲಿ, ಭಾರತಕ್ಕೆ ಬಂದು ಮೂವತ್ತು ವರ್ಷ ಕಳೆದ ಮೇಲೆ, ದುಬುವಾ ಊರಿಗೆ ಹಡಗು ಹತ್ತಿದರು. ಅವರ ಸೇವೆಯನ್ನು ಮೆಚ್ಚಿದ ಈಸ್ಟ್ ಇಂಡಿಯಾ ಕಂಪನಿ ಪ್ರಯಾಣದ ಖರ್ಚನ್ನೂ ಪಿಂಚಣಿಯನ್ನೂ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠ ಸೇರಿ ಹೊಸ ಗುರುಗಳನ್ನು ತಯಾರು ಮಾಡುವ ಕೆಲಸದಲ್ಲಿ ಉಳಿದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಇಲ್ಲಿ ಕಾಲ ಮುಗಿಯಿತು ಅಂತ ಬರೆದವರೇ ಪೂರ್ವದೇಶಗಳಿಗೆ ಗುರುಗಳನ್ನು ಕಳಿಸುವ ಮನೆಯ ಯಜಮಾನರಾದರು! ದೇವರ ಲೀಲೆ ಅಂದರೆ ಇದೇ.

1848ರ ಫೆಬ್ರವರಿ 17ರಂದು ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ವಯಸ್ಸು ಎಂಬತ್ತೆರಡು. ಅವರು ತೀರಿಕೊಂಡು ಒಂದು ವಾರ ತುಂಬುವುದರೊಳಗೆ ಪ್ಯಾರಿಸ್ಸಿನಲ್ಲಿ ಮತ್ತೆ ಕ್ರಾಂತಿಯಾಗಿ ರಾಜ ಸಿಂಹಾಸನ ಬಿಟ್ಟು ಓಡಿದ. ಒಂದು ಕ್ರಾಂತಿಯ ಬೆಂಕಿಯಿಂದ ಹೊರಟ ಬಾಳು ಇನ್ನೊಂದು ಕ್ರಾಂತಿಯ ಹೊಸ್ತಿಲಲ್ಲಿ ಶಾಂತವಾಗಿ ಮುಗಿಯಿತು.

ಬಿತ್ತಿದ್ದು ಬೆಳೆದದ್ದು

ಧರ್ಮಸಭೆಯ ಸಂತರ ಪಟ್ಟಿಯಲ್ಲಿ ದುಬುವಾ ಅವರ ಹೆಸರಿಲ್ಲ. ಅವರ ಹೆಸರಿನ ಹಬ್ಬವಿಲ್ಲ, ತೇರಿಲ್ಲ. ಆದರೂ ಅವರ ಬಿತ್ತನೆ ಬರಡಾಗಲಿಲ್ಲ. ಅವರು ತೀರಿಕೊಂಡ ಎರಡೇ ವರ್ಷಕ್ಕೆ, 1850ರಲ್ಲಿ, ಮೈಸೂರು ಪ್ರತ್ಯೇಕ ಧರ್ಮಪ್ರಾಂತವಾಗಿ ಎದ್ದು ನಿಂತಿತು. 1886ರಲ್ಲಿ ಪೂರ್ಣ ಧರ್ಮಕ್ಷೇತ್ರವಾಯಿತು. ಅವರ ಕಾಲದಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರೇ 1843ರಲ್ಲಿ ಮೈಸೂರಿನಲ್ಲಿ ಕ್ರೈಸ್ತರಿಗೆ ದೇವಾಲಯ ಕಟ್ಟಿಸಿಕೊಟ್ಟರು. ಅದೇ ಜಾಗದಲ್ಲಿ 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟ ಸಂತ ಫಿಲೋಮಿನಾ ಮಹಾದೇವಾಲಯ ಈಗ ಎಲ್ಲ ಧರ್ಮದವರನ್ನೂ ಕರೆಯುತ್ತಿದೆ. ಕಾಲ ಮುಗಿಯಿತು ಅಂತ ಮನುಷ್ಯ ಅಂದುಕೊಂಡ ಕಡೆಯೇ ದೇವರು ಕೆಲಸ ಶುರು ಮಾಡಿದ್ದರು.

ಸಿಡುಬಿನ ಕಥೆಯೂ ಹಾಗೇ. ತೋಳಿನಿಂದ ತೋಳಿಗೆ ದಾಟಿ ಶುರುವಾದ ಆ ದಾಕು ಹಳ್ಳಿ ಹಳ್ಳಿಯಲ್ಲೂ ಸರ್ಕಾರಿ ಕೆಲಸವಾಯಿತು. 1975ರಲ್ಲಿ ಭಾರತದ ಕೊನೆಯ ಸಿಡುಬು ಕಂಡಿತು. 1980ರಲ್ಲಿ ಲೋಕದಿಂದಲೇ ಸಿಡುಬು ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಷ್ಟು ದೊಡ್ಡ ಸರಪಳಿಯಲ್ಲಿ ದೊಡ್ಡ ಸ್ವಾಮಿಗಳದ್ದು ಒಂದು ಕೊಂಡಿ. ಅವರು ಕೊನೆಯನ್ನು ಕಾಣಲಿಲ್ಲ. ತಮ್ಮ ಕೊಂಡಿಯನ್ನು ಕಳಚಿಕೊಳ್ಳಲಿಲ್ಲ, ಅಷ್ಟೇ.

ಬೆಟ್ಟ ಇಳಿಯುವ ಮುನ್ನ

ಈ ಬೆಟ್ಟಕ್ಕೆ ಬರುವ ಪ್ರತಿಯೊಬ್ಬರ ಎದೆಯಲ್ಲೂ ಒಂದು ಮೂಟೆ ಇರುತ್ತದೆ. ಒಬ್ಬರಿಗೆ ಮಗುವಿನ ಕಾಯಿಲೆ, ಇನ್ನೊಬ್ಬರಿಗೆ ಸಾಲ, ಮತ್ತೊಬ್ಬರಿಗೆ ವರ್ಷಗಟ್ಟಲೆ ದುಡಿದರೂ ಫಲ ಕಾಣದ ದುಃಖ. ಮೇಲೆ ನಿಂತು ನೋಡಿದರೆ ಕೆಳಗೆ ಹೊಲ ಗದ್ದೆ, ಕೆರೆ, ಊರು, ರಸ್ತೆ ಎಲ್ಲ ಒಟ್ಟಿಗೆ ಕಾಣುತ್ತವೆ. ಕೆಳಗೆ ನಡೆಯುವಾಗ ತಿರುವಿನ ಆಚೆ ಏನಿದೆ ಅಂತ ಗೊತ್ತಾಗುವುದಿಲ್ಲ. ಇದೆಲ್ಲವನ್ನೂ ಉಂಟುಮಾಡಿದ ಕ್ರಿಸ್ತರಿಗೆ ದಾರಿ ಪೂರ್ತಿ ಕಾಣುತ್ತದೆ. ಅವರು ಕೇಳುವುದು ಇಂದಿನ ಹೆಜ್ಜೆಯನ್ನು ಮಾತ್ರ.

ಕಾಯಿಲೆಯಾದರೆ ಮೊಂಬತ್ತಿ ಹಚ್ಚಿ ಪ್ರಾರ್ಥಿಸಬೇಕು, ಡಾಕ್ಟರ ಹತ್ತಿರವೂ ಹೋಗಬೇಕು. ಮಕ್ಕಳಿಗೆ ಲಸಿಕೆ ತಪ್ಪದೆ ಹಾಕಿಸಬೇಕು. ಮಳೆಗೆ ಬೇಡಬೇಕು, ಹೊಲವನ್ನೂ ಉಳಬೇಕು. ನೆರೆಯವರ ಭಕ್ತಿಯನ್ನು ಹೀಯಾಳಿಸದೆ ಅವರ ಕಷ್ಟಕ್ಕೆ ಕೈ ನೀಡಬೇಕು. ದೊಡ್ಡ ಸ್ವಾಮಿಗಳು ಮಾಡಿದ್ದರಿಂದಲೂ, ಮಾಡದೆ ಹೋದದ್ದರಿಂದಲೂ ಕಲಿಯುವ ಪಾಠ ಇದು.

ಪ್ರಾರ್ಥನೆ

ಸಕಲವನ್ನೂ ಸೃಷ್ಟಿಸಿದ ಯೇಸುಸ್ವಾಮಿ, ಕಪಿಲೆ ಕಾವೇರಿಯ ನೀರೂ ನಮ್ಮ ಮೈಯ ನೆತ್ತರೂ ನಿಮ್ಮ ಕೈಲಿವೆ. ದೂರದ ಊರಿನ ಒಬ್ಬ ಗುರುವನ್ನು ನಮ್ಮ ನಾಡಿಗೆ ನಡೆಸಿ ತಂದಿರಿ. ನಮ್ಮನ್ನೂ ನಡೆಸಿ. ಫಲ ಕಂಡಾಗ ಗರ್ವ ಬಾರದಿರಲಿ, ಕಾಣದಿದ್ದಾಗ ಧೈರ್ಯ ಕುಂದದಿರಲಿ. ಮನೆಯಲ್ಲಿ ಕಾಯಿಲೆಯಾಗಿ ಮಲಗಿರುವವರನ್ನು ನೆನೆದುಕೊಳ್ಳಿ, ಅವರನ್ನು ನೋಡಿಕೊಳ್ಳುವ ಕೈಗಳಿಗೆ ಬಲ ಕೊಡಿ. ಆಮೆನ್.